ಬಲಕ್ಕ ಹೋಗೋ ಚೆಂಡು

ಆಗ ನನಗ ಐವತ್ತೆಂಟು. ಅದಾಗಿ ಒಂಬತ್ತು ವರ್ಷ ಆತು. ವಯಸ್ಸಿನ ಲೆಕ್ಕ ನಮ್ಮವ್ವ ಹೇಳಿದ್ದು, ಒಂದೆರಡು ಹೆಚ್ಚುಕಡಿಮಿ ಇದ್ದರೂ ಇರಬಹುದು.

ಈ ತೆಲುಗು ಪಟ್ಟಣದಾಗ, ಕೊಂಡಾಪುರದ ದೊಡ್ಡ ರಸ್ತಾದಾಗ ಒಂದು ಬಾರಿನ ನೆಲ ಒರಸೋ ಕೆಲಸ ನಂದು. ಕೆಳಗ ಔಷಧ ಅಂಗಡಿ, ಮ್ಯಾಲಿನ ಮಾಳಗಿಗೆ ಬಾರು. ಬಾರಿನಾಗ ಹೆಣ್ಮಗಳು ಏನು ಕೆಲಸ ಮಾಡತಾಳ ಅಂತ ನಮ್ಮ ಓಣ್ಯಾಗ ಕೇಳಿದವರಿಗೆ ನಾನು ಒಂದೇ ಮಾತು ಹೇಳತಿದ್ದೆ. ಮುಂಜಾನೆ ಹೋಗತೀನಿ, ಮಂದಿ ಕುಡಿಯಾಕ ಬರೋ ಹೊತ್ತಿಗೆ ಹೊಳ್ಳಿ ಬರತೀನಿ, ನೀವು ಬೇಕಾದರ ಬಂದು ಬಕೀಟು ಹಿಡೀರಿ ಅಂತ. ಯಾರೂ ಬರಲಿಲ್ಲ.

ಅದಕ್ಕೂ ಮೊದಲು ಕಟ್ಟಡದ ಕೆಲಸ ಮಾಡತಿದ್ದೆ. ರಾಯಚೂರ ಕಡಿಂದ ಬಂದ ನಮ್ಮ ಮಂದಿ ಹೆಚ್ಚಿನವರು ಅದನ್ನೇ ಮಾಡೋದು. ಗಚ್ಚಿಬೌಲಿಯಾಗ ಒಂದು ಕಟ್ಟಡದ ಹಲಗಿ ಮ್ಯಾಲಿಂದ ಬಿದ್ದೆ. ಭಾಳ ಎತ್ತರ ಅಲ್ಲ, ಆಳೆತ್ತರ ಅಷ್ಟೆ. ಬಲಗೈ ಮಣಿಕಟ್ಟು ಮುರೀತು. ಪಟ್ಟಿ ಬಿಚ್ಚಿದಾಗ ಅಂಗೈ ತುಸು ಬಲಕ್ಕ ವಾಲಿತ್ತು. ಗಾರಿ ಬುಟ್ಟಿ ಎತ್ತಾಕ ಆಗಲಿಲ್ಲ. ನೆಲ ಒರಸಾಕ ಅಡ್ಡಿ ಇರಲಿಲ್ಲ, ಸೊಟ್ಟ ಕೈಲೆ ಒರಸಿದರೂ ನೆಲ ಹಸನಾಗತೈತಿ.

ಅಡ್ಡಿ ಬಂದಿದ್ದು ರೊಟ್ಟಿಗೆ. ಜೋಳದ ರೊಟ್ಟಿ ಬಡಿಯೋದ್ರಾಗ ನಾನು ಕಟ್ಟಡದ ಹೆಣ್ಮಕ್ಕಳೊಳಗ ಎಲ್ಲಾರಿಗಿಂತ ಹೆಚ್ಚು ಅನಿಸಿಕೊಂಡವಳು. ಪಟ್ಟಿ ಬಿಚ್ಚಿದ ವಾರದಾಗ ಒಂದು ದಿನ ಮನ್ಯಾಗ ಬಡಿಯಾಕ ಕುಂತೆ. ರೊಟ್ಟಿ ಅಂದ್ರ ಅಂಗೈ ಕೆಳಗ ತಿರಗಬೇಕು, ತಿರಗತಾ ಎಲ್ಲಾ ಕಡಿ ಒಂದೇ ಸಮ ತೆಳ್ಳಗಾಗಬೇಕು. ನಂದು ತಿರಗಲಿಲ್ಲ. ಸೊಸಿ ಅದನ್ನ ಕೈಯಾಗ ಹಿಡದು ನೋಡಿ, "ಅತ್ತಿ, ಈ ಕಡಿ ಹಪ್ಪಳ ಆಗೇತಿ, ಆ ಕಡಿ ಕಟ್ಟಿ ಆಗೇತಿ. ಹಪ್ಪಳ ತಿಂದು ಕಟ್ಟಿ ಮ್ಯಾಲೆ ಕುಂದರಬಹುದು" ಅಂದಳು. ಮಾತು ಚೊಲೋನೇ ಇತ್ತು. ನನಗೂ ನಗು ಬಂತು. ಆದ್ರ ಅವತ್ತಿನಿಂದ ನಾನು ಹಿಟ್ಟಿಗೆ ಕೈ ಹಚ್ಚಲಿಲ್ಲ. ಅಕಿ ಅನ್ನ ಮಾಡಿದರ ಅನ್ನ, ಚಪಾತಿ ಮಾಡಿದರ ಚಪಾತಿ.

ಒಂದು ವರ್ಷದ ಮ್ಯಾಲೆ ಮೆಹದಿಪಟ್ಟಣಂದಾಗ ನಮ್ಮ ಕಡಿ ಹೆಣ್ಮಗಳು ಸಿಕ್ಕಳು. ಮೊದಲು ನನ್ನ ಜೊತಿ ಇಟ್ಟಂಗಿ ಹೊತ್ತಾಕಿ, ಈಗ ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯಾಗ ಖಡಕ್ ರೊಟ್ಟಿ ಮಾಡಿಸಿ ಅಂಗಡಿಗಳಿಗೆ ಹಾಕತಾಳ. ನಾಕು ಮಂದಿ ಹೆಂಗಸರು ಕುಂತು ಬಡೀತಾರ, ಎಲ್ಲಾ ನಮ್ಮ ಭಾಷಿಯವರೇ. ಅಲ್ಲಿ ಒಬ್ಬಾಕಿ ಊರಿಗೆ ಹೋಗಿದ್ದಳು, ತಿರುಗಿ ಬರೋದಿಲ್ಲ ಅಂದಿದ್ದಳು.

"ಅಕ್ಕಾ, ನೀ ಬಾ" ಅಂದಳು. "ಆದ್ರ ಕೈ ನೆಟ್ಟಗಿದ್ದರ ಮಾತ್ರ ಬಾ. ಖಡಕ್ ರೊಟ್ಟಿ ಒಂದು ಕಡಿ ದಪ್ಪಾದ್ರ ಆ ಕಡಿ ಹಸಿ ಉಳೀತೈತಿ, ಬೂಸಲ ಬರತೈತಿ. ಅಂಗಡಿಯವ ಹೊಳ್ಳಿ ಕೊಡ್ತಾನ. ಅಮಾಸಿ ತನಕ ನೋಡತೀನಿ, ಆಮ್ಯಾಲೆ ಬ್ಯಾರೆ ಮಂದಿ ಕರ್ಕೋತೀನಿ."

ನನಗ ಆ ಕೆಲಸ ಬೇಕಾಗಿತ್ತು. ಕುಂತು ಮಾಡೋ ಕೆಲಸ, ಒಣಾ ಕೈ, ಬಾಯಿ ತುಂಬ ಮಾತಾಡಾಕ ಮಂದಿ. ಬಾರಿನಾಗ ಹಿಂದಿನ ದಿನದ ಹುಳಿ ವಾಸನಿ ಮೂಗಿನಾಗ ಕುಂತು ಚಾ ಕುಡಿದರೂ ಹೋಗತಿರಲಿಲ್ಲ. ಮನ್ಯಾಗ ಒಂದು ರೊಟ್ಟಿ ಬಡದು ನೋಡಿದ್ದರ ಮುಗೀತಿತ್ತು ಅಂತ ನೀವು ಅನ್ನಬಹುದು. ಸೊಸಿ ಮುಂದ ಇನ್ನೊಂದು ಕಟ್ಟಿ ಕಟ್ಟೋದು ನನಗ ಬ್ಯಾಡಾಗಿತ್ತು.

ಈಗ ಆ ಟೇಬಲ್ಲಿನ ಸುದ್ದಿ ಹೇಳತೀನಿ.

ಬಾರಿನ ನಡುವಿನ ಹಾಲಿನಾಗ ಒಂದು ಪೂಲ್ ಟೇಬಲ್ ಇತ್ತು. ಹಸಿರು ಬಟ್ಟಿ ಹೊದಿಸಿದ ದೊಡ್ಡ ಮೇಜು, ನಾಕು ಮೂಲಿಗೆ ನಾಕು ತೂತು, ಉದ್ದ ಬಾಜುಗಳಿಗೆ ಒಂದೊಂದು ತೂತು, ತೂತಿನ ಕೆಳಗ ಜಾಳಗಿ ಚೀಲ. ಉದ್ದ ಕೋಲಿನಿಂದ ಬಿಳಿ ಚೆಂಡಿಗೆ ಹೊಡೀಬೇಕು, ಬಿಳಿದು ಹೋಗಿ ಬಣ್ಣದ ಚೆಂಡಿಗೆ ಬಡೀಬೇಕು, ಬಣ್ಣದ್ದು ತೂತಿಗೆ ಬೀಳಬೇಕು. ಬಿಳಿದು ಬಿದ್ದರ ತಪ್ಪು. ದುಡಿಯೋದು ಬಿಳಿದು, ಬೀಳೋದು ಮಾತ್ರ ಬ್ಯಾರೆಯವು. ಇಷ್ಟನ್ನ ನಾನು ಯಾರನ್ನೂ ಕೇಳದ ತಿಳಕೊಂಡೆ, ನೋಡಿ ನೋಡಿ.

ಆ ಟೇಬಲ್ಲಿನ ಅವಸ್ಥೆ ನಾನು ಒರಸೋವಾಗ ದಿನಾ ನೋಡತಿದ್ದೆ. ಬಟ್ಟಿಗೆ ಸಿಗರೇಟಿನ ತೂತು, ಅದರ ಮ್ಯಾಲೆ ಹಸಿರು ಟೇಪು. ಬೀರು ಚೆಲ್ಲಿದ ಕಡಿ ಬಟ್ಟಿ ಬಿರುಸಾಗಿ ಚಕ್ಕಿ ಕಟ್ಟಿತ್ತು. ಅಂಚಿನ ರಬ್ಬರು ಒಂದು ಕಡಿ ಸತ್ತಿತ್ತು, ಚೆಂಡು ಹೋಗಿ ಬಡದರ ಹಿಟ್ಟಿನ ಚೀಲಕ್ಕ ಬಡದಂಗ ಅಲ್ಲೇ ನಿಂದರತಿತ್ತು. ಕೋಲುಗಳು ಒಂದೂ ನೆಟ್ಟಗಿರಲಿಲ್ಲ, ತುದಿ ಚರ್ಮ ಹಾರಿ ಬರೇ ಕಟಗಿ ಉಳಿದಿತ್ತು. ಮೊದಲಿನ ಬಿಳಿ ಚೆಂಡನ್ನ ಯಾರೋ ಜೇಬಿನಾಗ ಹಾಕ್ಕೊಂಡು ಹೋಗಿದ್ದರಂತ, ಈಗಿಂದು ಬ್ಯಾರೆ ಕಡಿದು, ಉಳಿದವುಕಿಂತ ಸಣ್ಣದು. ಟೇಬಲ್ಲಿನ ಒಂದು ಕಾಲಿನ ಕೆಳಗ ಅರಿಷಿಣ ಕುಂಕುಮ ಹಚ್ಚಿದ ಹಲಗಿ ತುಂಡು ಇತ್ತು. ಆ ಬಾರಿನಾಗ ಕುಂಕುಮ ಇಲ್ಲದ್ದು ಯಾವುದಿತ್ತು? ಫ್ರಿಜ್ಜಿಗೆ ಕುಂಕುಮ, ಗಲ್ಲಾಕ್ಕ ಕುಂಕುಮ, ಮಿಕ್ಸರಿಗೆ ಕುಂಕುಮ. ದೇವರದ್ದು ಅಂತ ನಾನು ಹಲಗಿಗೆ ನೀರು ತಾಕದಂಗ ಸುತ್ತಲೂ ಒರಸಿ ಮುಂದ ಹೋಗತಿದ್ದೆ.

ಶನಿವಾರ ಒಂದು ದಿನ ಮಾತ್ರ ಮಧ್ಯಾಹ್ನದ ತನಕ ಇರತಿದ್ದೆ. ಆಗ ಆಫೀಸಿನ ಹುಡುಗರು ಹುಡಿಗ್ಯಾರು ಬಂದು ಆಡೋದು ನೋಡತಿದ್ದೆ. ತೆಲುಗಿನಾಗ, ಹಿಂದಿಯಾಗ, ಇಂಗ್ಲೀಷಿನಾಗ, ಎಲ್ಲಾದರಾಗೂ ಒಂದೇ ಬೈಗಳ, ಟೇಬಲ್ ಸರಿ ಇಲ್ಲ ಅಂತ. ನಾನು ಒಂದು ಗುರ್ತು ಹಿಡದಿದ್ದೆ. ಸೋತವರೇ ಟೇಬಲ್ಲಿಗೆ ಬೈತಿದ್ರು. ಗೆದ್ದವರ ಬಾಯಿಂದ ಟೇಬಲ್ಲಿನ ಸುದ್ದಿ ಒಂದು ದಿನಾನೂ ಕೇಳಲಿಲ್ಲ. ಹಂಗಂದಮ್ಯಾಲೆ ಟೇಬಲ್ ಸರಿ ಐತಿ, ಮಂದಿ ಕೈ ಸರಿ ಇಲ್ಲ ಅಂತ ನಾನು ತೀರ್ಪು ಕೊಟ್ಟಿದ್ದೆ.

ಅದಕ್ಕೇ ನನಗ ಆ ವಿಚಾರ ಬಂತು. ಇದು ಕೈ ನೋಡೋ ಯಂತ್ರ ಇದ್ದಂಗೈತಿ. ಕೈ ನೆಟ್ಟಗಿದ್ದರ ಚೆಂಡು ನೆಟ್ಟಗ ಹೋಗತೈತಿ, ಸೊಟ್ಟಿದ್ದರ ಸೊಟ್ಟ. ಸೊಸಿ ಇಲ್ಲಿ ಇಲ್ಲ. ನೋಡೇ ಬಿಡೋಣು.

ಮ್ಯಾನೇಜರ್ ಬೀದರ ಕಡಿಯವ, ಒಳ್ಳೇ ಮನಷಾ, ನನಗ ಆಯಿ ಅಂತಿದ್ದ. ಒಂದಿನ ಅಂವ ಬಾಟಲಿ ಜೋಡಸಾಕತ್ತಿದ್ದ. ನಾನು ಸೀರಿ ಸೆರಗು ಸಿಗಿಸಿ ಕೋಲು ತಗೊಂಡೆ. ಆಟಗಾರರು ಮಾಡೋದು ನೋಡಿದ್ದೆನಲ್ಲ, ಹಂಗ ಎಡಗೈ ಮೇಜಿನ ಮ್ಯಾಲೆ ಊರಿ, ಬಲಗೈಲೆ ಹೊಡದೆ. ಚೆಂಡು ನೆಟ್ಟಗ ಹೊಂಟು, ಅರ್ಧ ದಾರಿಯಾಗ ಬಲಕ್ಕ ಸರೀತು. ಮೂಲಿ ತೂತಿನ ಹತ್ರ ಹೋಗಿ ನಿಂತಿತು.

"ಆಯಿ, ಬಿಲ್ ಹಾಕ್ಲೇನು?" ಅಂದ ಮ್ಯಾನೇಜರ್, ತಿರುಗಿ ನೋಡದ.

"ಒರಸಾಕತ್ತೀನಪ್ಪ" ಅಂದೆ.

"ಕೋಲಿಲೇ ಒರಸ್ತಿ?"

ಬ್ಯಾಡ ಅನ್ನಲಿಲ್ಲ. ಮರುದಿನಾನೂ ಹೊಡದೆ. ಬಲಕ್ಕ. ಅದರ ಮರುದಿನ ಕೋಲು ಬದಲಿ ಮಾಡಿ ಹೊಡದೆ. ಬಲಕ್ಕ. ಮೆಲ್ಲಕ ಹೊಡದರ ಹೆಚ್ಚು ಬಲಕ್ಕ, ಜೋರಾಗಿ ಹೊಡದರ ಕಮ್ಮಿ ಬಲಕ್ಕ, ಒಟ್ಟು ಬಲಕ್ಕ. ನನ್ನ ಅಂಗೈ ವಾಲಿದ್ದೂ ಬಲಕ್ಕ. ಇನ್ನೇನು ನೋಡೋದು? ಮೆಹದಿಪಟ್ಟಣಂದಾಕಿಗೆ ಬರಂಗಿಲ್ಲ ಅಂತ ಹೇಳಿ ಕಳಸಬೇಕಾಗಿತ್ತು. ಕಳಸಲಿಲ್ಲ. ಯಾಕ ಮೆಲ್ಲಕ ಹೊಡದರ ಹೆಚ್ಚು ಅನ್ನೋದು ನನಗ ತಿಳೀಲಿಲ್ಲ. ಕೈ ಸೊಟ್ಟಿದ್ದರ ಎರಡಕ್ಕೂ ಒಂದೇ ಸೊಟ್ಟು ಬರಬೇಕಲ್ಲ.

ಆ ಹೊತ್ತಿಗೆ ಬಾರಿಗೆ ಒಬ್ಬರು ಸಾಹೇಬ್ರು ಬರಾಕ ಶುರು ಮಾಡಿದ್ರು. ಬಾಗಲಾ ತೆಗೆಯೋ ಹೊತ್ತಿಗೇ ಬರೋರು. ಧಾರವಾಡ ಕಡಿಯವರು. ಇಲ್ಲಿ ಯಾವುದೋ ಸರ್ಕಾರದ ಕಾರ್ಖಾನಿಯಾಗ ದುಡದು ರಿಟೈರ್ ಆದವರು. ಒಂದು ಬೀರು ತಗೊಂಡು, ಒಬ್ಬರೇ ಚೆಂಡು ಜೋಡಿಸಿ, ಒಬ್ಬರೇ ಆಡೋರು. ಆಡತಾ ಬೈಯೋರು.

"ಇದು ಟೇಬಲ್ ಅಲ್ಲೋ, ಹೊಲದ ಬದು. ನಮ್ಮ ಕಾಲನಿ ಕ್ಲಬ್ಬಿನಾಗ ಬಟ್ಟಿ ಕೆಳಗ ಕಲ್ಲಿನ ಚಪ್ಪಡಿ ಇತ್ತು. ಇಲ್ಲೇನೈತಿ, ಪ್ಲೈವುಡ್ಡು."

"ಖರೇ ಸಾಹೇಬ್ರ" ಅಂತಿದ್ದ ಮ್ಯಾನೇಜರ್. "ಆದ್ರ ಅಲ್ಲಿ ಬೀರು ಇಷ್ಟು ಥಂಡಾ ಇರ್ತಿತ್ತೇನ್ರಿ?"

"ಬೀರು ಬಿಸಿ ಇದ್ದರೂ ಚೆಂಡು ನೆಟ್ಟಗ ಹೋಗತಿತ್ತು."

"ಮತ್ತ ಅಲ್ಲೇ ಹೋಗ್ರಿ."

"ರಿಟೈರ್ ಆದ ಮ್ಯಾಲೆ ಕ್ವಾರ್ಟರ್ಸೂ ಬಿಡಿಸಿದ್ರು, ಕ್ಲಬ್ಬೂ ಬಿಡಿಸಿದ್ರು. ಇಲ್ಲಾಂದ್ರ ನಿನ್ನ ಮಾರಿ ನೋಡಾಕ ಬರತಿದ್ದೆನೇನು?"

ನನಗ ಆ ಮನಷಾನ ಬಗ್ಗೆ ಒಂದು ಪ್ರಶ್ನಿ ಹುಟ್ಟಿತು. ಸೋತವರು ಬೈತಾರ, ಸರಿ. ಇವರು ಒಬ್ಬರೇ ಆಡತಾರ. ಸೋಲಾಕ ಎದುರಿಗೆ ಯಾರೂ ಇಲ್ಲ. ಮತ್ತ ಯಾಕ ಬೈತಾರ? ಎರಡು ಮೂರು ದಿನ ತಲಿಯಾಗ ಇಟ್ಟುಕೊಂಡು ಓಡಾಡಿದೆ. ಆಮ್ಯಾಲೆ ಕೇಳೇ ಬಿಟ್ಟೆ.

"ಸಾಹೇಬ್ರ, ನೀವು ಯಾರ ಕೂಡ ಸೋತ್ರಿ?"

ಅವರು ಕೋಲು ಕೆಳಗಿಟ್ಟು ನನ್ನ ನೋಡಿದ್ರು. ಬಕೀಟು ಹಿಡಕೊಂಡವಳು ಕನ್ನಡದಾಗ ಕೇಳ್ತಾಳ ಅಂತ ಅನಕೊಂಡಿರಲಿಲ್ಲ ಕಾಣತೈತಿ.

"ಟೇಬಲ್ ಕೂಡ ಸೋತೇನವಾ" ಅಂದ್ರು.

"ಟೇಬಲ್ ಚೊಲೋ ಐತ್ರಿ. ಕೈ ನೆಟ್ಟಗಿದ್ದವರು ಗೆಲ್ಲಾಕತ್ತಾರ. ಶನಿವಾರ ನೋಡೀನಿ."

"ಅವರು ಗೆದ್ದದ್ದಲ್ಲ. ಎದುರಿನವ ಹೆಚ್ಚು ಸೋತದ್ದು." ತುಸು ಸಿಟ್ಟು ಬಂದಿತ್ತು ಅವರಿಗೆ. "ನೀ ಹೆಂಗ ಹೇಳತಿ ಚೊಲೋ ಐತಿ ಅಂತ? ನೀ ಆಡೀಯೇನು?"

"ದಿನಾ ಆಡತಾಳ್ರಿ" ಅಂದ ಮ್ಯಾನೇಜರ್ ಗಲ್ಲಾದ ಹಿಂದಿಂದ. "ನಾ ನೋಡಂಗಿಲ್ಲ ಅಂತ ತಿಳಕೊಂಡಾಳ."

ಮುಚ್ಚಿಡಾಕ ಏನೈತಿ. ನನ್ನ ಕೈ ತೋರಸಿದೆ. ಮುರದದ್ದು, ರೊಟ್ಟಿದು, ಮೆಹದಿಪಟ್ಟಣಂದು, ನಾಡದು ಅಮಾಸಿ ಅನ್ನೋದು, ಎಲ್ಲಾ ಹೇಳಿದೆ. "ಚೆಂಡು ಬಲಕ್ಕ ಹೋಗತೈತ್ರಿ. ನನ್ನ ಕೈ ಬಲಕ್ಕ ಐತಿ. ಟೇಬಲ್ ಸುಳ್ಳು ಹೇಳಾಕತ್ತಿಲ್ಲ" ಅಂದೆ.

ಅವರು ನನ್ನ ಮಣಿಕಟ್ಟು ನೋಡಿದ್ರು, ಮುಟ್ಟಲಿಲ್ಲ. ತಮ್ಮ ಬಲಗೈ ಚಾಚಿ, "ಇದು ನೆಟ್ಟಗೈತೋ ಇಲ್ಲೋ?" ಅಂತ ಕೇಳಿದ್ರು. ನೆಟ್ಟಗಿತ್ತು. ಕೋಲಿನ ತುದಿಗೆ ನೀಲಿ ಸುಣ್ಣದ ಗಟ್ಟಿ ತಿಕ್ಕಿ ಹೊಡದ್ರು. ಚೆಂಡು ಹೊಂಟು, ಅರ್ಧ ದಾರಿಯಾಗ ಬಲಕ್ಕ ಸರೀತು.

"ಈಗ?"

"ನಿಮಗೂ ವಯಸ್ಸಾಗೇತ್ರಿ" ಅಂದೆ.

ಮ್ಯಾನೇಜರ್ ನಕ್ಕ ನಗುವಿಗೆ ಅಡಗಿ ಮನಿಯಿಂದ ಅಡಗಿಯವ ಹೊರಗ ಬಂದ. ಸಾಹೇಬ್ರು ಮಾತ್ರ ನಗಲಿಲ್ಲ. ಕೋಲು ನೆಲಕ್ಕ ಊರಿ ಟೇಬಲ್ಲಿನ ಸುತ್ತ ಒಂದು ಸಲ ನಡದ್ರು. ಆಟದಾಗ ನಡದಂಗಲ್ಲ, ಹೊಲದ ತಗ್ಗು ದಿಬ್ಬ ನೋಡಿಕೊಂತ ನಡದಂಗ.

"ನೀ ಯಾವಾಗಲೂ ಈ ಕಡಿಯಿಂದನೇ ಹೊಡೀತಿ?"

"ಮತ್ತ ಎಲ್ಲಿಂದ ಹೊಡೀಲ್ರಿ?"

ಎದುರಿನ ತುದಿಯಿಂದ ಯಾರಿಗೂ ಸರಿಯಾಗಿ ಹೊಡಿಯಾಕ ಬರತಿರಲಿಲ್ಲ. ಆ ತುದಿಗೆ ಗ್ವಾಡಿ ಭಾಳ ಹತ್ರ ಇತ್ತು, ಕೋಲು ಹಿಂದಕ್ಕ ಎಳದರ ಗ್ವಾಡಿಗೆ ಬಡೀತಿತ್ತು. ಚೆಂಡು ಅಲ್ಲಿ ನಿಂತರ ಆಟಗಾರರು ಕೋಲನ್ನ ಒನಕಿಯಂಗ ಎತ್ತಿ ಮ್ಯಾಲಿಂದ ಕುಟ್ಟತಿದ್ರು, ಆ ತುದಿಗೆ ಬಟ್ಟಿ ಹರದಿದ್ದೂ ಅದಕ್ಕೇ. ಆದ್ರ ಆ ಗ್ವಾಡಿಯಾಗ ಉಗ್ರಾಣದ ಬಾಗಲಾ ಇತ್ತು. ಸಾಹೇಬ್ರು ಅದನ್ನ ತಗಿಸಿದ್ರು. "ಹೊಸ್ತಿಲದ ಒಳಗ ನಿಂದರು. ಕೋಲು ಹಿಂದ ಒಳಗ ಹೋಗತೈತಿ. ಹೊಡಿ" ಅಂದ್ರು.

ನನಗ ಯಾಕಂತ ತಿಳೀಲಿಲ್ಲ.

"ನಿನ್ನ ಕೈ ಬಲಕ್ಕ ಎಳದರ, ಎಲ್ಲಿ ನಿಂತು ಹೊಡದರೂ ನಿನ್ನ ಬಲಕ್ಕೇ ಹೋಗಬೇಕು. ಹೌದಿಲ್ಲೋ?"

ಹೌದು. ಅದು ತಲಿಗೆ ಬಂತು. ಹೋಗಿ ಉಗ್ರಾಣದಾಗ ನಿಂತೆ. ಹಿಂದ ಉಳ್ಳಾಗಡ್ಡಿ ಚೀಲ, ಎಣ್ಣಿ ಡಬ್ಬಿ.

"ಅಮ್ಮಾ, ಉಳ್ಳಾಗಡ್ಡಿಗೆ ತಿವೀಬ್ಯಾಡ" ಅಂದ ಅಡಗಿಯವ.

"ತಿವದರ ಹೆಚ್ಚೋ ಕೆಲಸ ಕಮ್ಮಿ ಆಗತೈತಲ್ಲೋ" ಅಂದೆ.

ಹೊಡದೆ. ಚೆಂಡು ಹೊಂಟಿತು. ನಾನು ಬಲಗಡಿ ನೋಡತಾ ನಿಂತಿದ್ದೆ. ಅದು ಎಡಕ್ಕ ಸರೀತು.

ಇನ್ನೊಮ್ಮೆ ಹೊಡದೆ. ಎಡಕ್ಕ. ಮೆಲ್ಲಕ ಹೊಡದೆ, ಹೆಚ್ಚು ಎಡಕ್ಕ. ಒಂದು ಚೆಂಡು ಅಂತೂ ತುದಿ ಮುಟ್ಟದ ನಡುವೇ ನಿಂತು, ತುಸು ಹೊತ್ತು ವಿಚಾರ ಮಾಡಿದಂಗ ಮಾಡಿ, ಹೊಳ್ಳಿ ನನ್ನ ಕಡಿಗೇ ಉರುಳಿ ಬಂತು. ಬಂದು ನನ್ನ ಎಡಗಡಿಯ ಮೂಲಿ ಹತ್ರ ನಿಂತಿತು. ಮೊದಲಿನ ಕಡಿಯಿಂದ ಹೊಡದಾಗಲೂ ಚೆಂಡು ಹೋಗಿ ನಿಲ್ಲತಿದ್ದ ಮೂಲಿ ಅದೇ.

ಬಲಕ್ಕ ವಾಲಿದ ಕೈ ಎಂದೂ ಎಡಕ್ಕ ಹೊಡೆಯೋ ಕೈ ಅಲ್ಲ. ನಾನು ಉಗ್ರಾಣದ ಹೊಸ್ತಿಲ ಮ್ಯಾಲೆ ಕುಂತೆ.

"ಎಲ್ಲಿಂದ ಹೊಡದರೂ ಆ ಮೂಲಿಗೇ ಹೋಗತಾವ" ಅಂದ್ರು ಸಾಹೇಬ್ರು. "ಯಾಕ?"

"ಈಶಾನ್ಯ ಅಲ್ಲೇನ್ರಿ" ಅಂದ ಮ್ಯಾನೇಜರ್.

ಇಬ್ಬರೂ ಅವನ ಕಡಿ ತಿರುಗಿದಿವಿ. ಅಂವ ಗ್ಲಾಸು ಒರಸತಾನೇ ಹೇಳಿದ. ಬಾರು ಶುರು ಆದಾಗ ಧಂದಾ ಇರಲಿಲ್ಲಂತ. ಮಾಲಕ ವಾಸ್ತು ನೋಡೋವನ್ನ ಕರಸಿದ. ಅಂವ ಬಂದು, ನಿಮ್ಮ ಹಾಲಿನ ನೆಲ ಈಶಾನ್ಯಕ್ಕ ಇಳಿಜಾರಿರಬೇಕಿತ್ತು, ನೈರುತ್ಯ ಎತ್ತರ ಇರಬೇಕಿತ್ತು, ಇಲ್ಲಿ ಎಲ್ಲಾ ಸಪಾಟ ಐತಿ, ಲಕ್ಷ್ಮಿ ಹೆಂಗ ನಿಲ್ಲತಾಳ ಅಂದ. ಬಾಡಿಗಿ ಕಟ್ಟಡ, ನೆಲ ಒಡಿಯಾಕ ಬರಂಗಿಲ್ಲ. ಹಂಗಾದರ ನಡುವಿನ ದೊಡ್ಡ ಮೇಜನ್ನಾದರೂ ನೈರುತ್ಯಕ್ಕ ಎತ್ತರಿಸ್ರಿ ಅಂದ. ನಾಕು ಮಂದಿ ಹಿಡದು ಎತ್ತಿ, ನೈರುತ್ಯದ ಕಾಲಿನ ಕೆಳಗ ಹಲಗಿ ಇಟ್ಟು, ಪೂಜಿ ಮಾಡಿದ್ರು. ಟೇಬಲ್ ಅಲ್ಲಾಡಬಾರದಂತ ಬಾಜೂ ಎರಡು ಕಾಲಿಗೆ ರಟ್ಟು ಮಡಚಿ ಇಟ್ಟರು.

ನಾನು ದಿನಾ ನೀರು ತಾಕಿಸದ ಒರಸತಿದ್ದ ಹಲಗಿ. ನಾನು ನಿಂತು ಹೊಡೀತಿದ್ದ ಜಾಗಾದಾಗ ನನ್ನ ಎಡಗಾಲಿನ ಹತ್ರನೇ ಇತ್ತು.

"ಎಲ್ಲರಿಗೂ ಗೊತ್ತಿತ್ತೇನು?" ಅಂದೆ.

"ಹೌದಾಯಿ. ಅಡಗಿಯವಗ ಗೊತ್ತದ, ವೇಟರಿಗೆ ಗೊತ್ತದ."

"ಇಷ್ಟು ದಿನ ನನಗ ಯಾಕ ಹೇಳಲಿಲ್ಲೋ?" ಅಂತ ಸಾಹೇಬ್ರು ಅಂದ್ರು.

"ನೀವು ಎಲ್ಲಿ ಕೇಳಿದ್ರಿ ಸಾಹೇಬ್ರ. ಬೈತಿದ್ರಿ."

ಸಾಹೇಬ್ರು ಆ ವಯಸ್ಸಿನಾಗ ಮೊಣಕಾಲೂರಿ ಕುಂತು ಹಲಗಿಗೆ ಕೈ ಹಾಕಿದ್ರು. ಮ್ಯಾನೇಜರ್ ಓಡಿ ಬಂದು ಕೈ ಮುಗದ. "ಬ್ಯಾಡ್ರಿ. ಅದು ತಗದ್ರ ಮಾಲಕ ನನ್ನ ತಗೀತಾನ. ಹಲಗಿ ಇಟ್ಟ ಮ್ಯಾಲೆ ಧಂದಾ ಚೊಲೋ ಆಗ್ಯದ."

"ಹಲಗಿಯಿಂದ ಧಂದಾ ಹೆಂಗ ಆಗತೈತೋ?"

"ಸೋತವರು ಸಿಟ್ಟಿಗೆ ಇನ್ನೊಂದು ಬೀರು ತಗೋತಾರಲ್ರಿ."

ಸಾಹೇಬ್ರು ಎದ್ದು ಪ್ಯಾಂಟಿನ ಮೊಣಕಾಲು ಜಾಡಿಸಿ, ಕೋಲು ತಗೊಂಡು, ಚೆಂಡು ಹೋಗಬೇಕಾದ ಜಾಗಾಕಿಂತ ಒಂದು ಗೇಣು ಎಡಕ್ಕ ಗುರಿ ಹಿಡದು ಹೊಡದ್ರು. ಬಿಳಿದು ಸರಕೊಂತ ಹೋಗಿ ಕೆಂಪಿಗೆ ತಾಕಿ, ಕೆಂಪು ಆ ಮೂಲಿ ತೂತಿಗೆ ಬಿತ್ತು. ಅವರಿಗೆ ಖುಷಿ ಆಗಲಿಲ್ಲ. "ಇದನ್ನ ಆಟ ಅಂತಾರೇನು" ಅಂದು ಉಳಿದ ಬೀರು ಅಲ್ಲೇ ಬಿಟ್ಟು ಹೋದ್ರು. ಇನ್ನ ಬರಂಗಿಲ್ಲ ಅನಕೊಂಡೆ. ಬಂದ್ರಂತ, ಮುಂದೊಮ್ಮೆ ಸಿಕ್ಕಾಗ ಮ್ಯಾನೇಜರ್ ಹೇಳಿದ. ಬ್ಯಾರೆ ಎಲ್ಲಿ ಹೋಗತಾರ.

ನಾನು ಬಕೀಟು ತೊಳದು ಬೋರಲು ಹಾಕಿ, ನಾಳಿ ಬರಂಗಿಲ್ಲಪ್ಪ ಅಂತ ಮ್ಯಾನೇಜರಿಗೆ ಹೇಳಿದೆ.

"ಯಾಕ ಆಯಿ, ಸಿಟ್ಟು ಬಂತೇನು?"

"ಹಿಟ್ಟು ಕಲಸಬೇಕಾಗೇತಿ."

"ಕೈ ಸೊಟ್ಟ ಅಂತಿದ್ದಿ?"

"ಸೊಟ್ಟ ಐತಿ. ಎಷ್ಟು ಸೊಟ್ಟ ಅನ್ನೋದು ನಿಮ್ಮ ಟೇಬಲ್ಲಿಗೆ ಗೊತ್ತಿಲ್ಲ."

ಮನಿಗೆ ಹೋಗಿ ಸೊಸಿಗೆ ಏನೂ ಹೇಳಲಿಲ್ಲ. ಅಕಿ ಮಾಡಿದ ಅನ್ನ ಉಂಡೆ. ಕೈ ನೆಟ್ಟಗಾತು ಅಂತ ನನಗೇನೂ ಅನಿಸಿರಲಿಲ್ಲ. ಆ ಟೇಬಲ್ ಹೇಳಿದ್ದು ಸುಳ್ಳು ಅನ್ನೋದಷ್ಟೇ ತಿಳಿದಿತ್ತು, ಖರೇ ಏನು ಅನ್ನೋದು ಹಿಟ್ಟಿಗೇ ಕೇಳಬೇಕಾಗಿತ್ತು.

ಮರುದಿನ ಮುಂಜಾನೆ ಬಸ್ ಹಿಡದು ಮೆಹದಿಪಟ್ಟಣಕ್ಕ ಹೋದೆ. ಗಲ್ಲಿಯಾಗ ಹೆಂಗಸರು ಆಗಲೇ ಒಲಿ ಹಚ್ಚಿದ್ರು. "ಬಂದೀ ಅಕ್ಕಾ, ಕೈ ಹೆಂಗೈತಿ?" ಅಂತ ರೊಟ್ಟಿ ಮಾಡಿಸೋ ಹೆಣ್ಮಗಳು ಕೇಳಿದಳು. ನೋಡೋಣು ಅಂದೆ. ಖಾಲಿ ಇದ್ದ ಜಾಗಾದಾಗ ರೊಟ್ಟಿ ಬಡಿಯೋ ಹಲಗಿ ಇತ್ತು. ಕುಂದರೋಕಿಂತ ಮೊದಲು ಬಗ್ಗಿ, ಅದರ ಕೆಳಗ ನಾಕೂ ಕಡಿ ಕೈ ಹಾಕಿ ನೋಡಿದೆ. ಏನೂ ಇಟ್ಟಿರಲಿಲ್ಲ. ಆಮ್ಯಾಲೆ ಹಿಟ್ಟು ನಾದಿ, ಮೊದಲನೇ ರೊಟ್ಟಿ ಬಡದೆ.